ಪೇಟೆಯ ಆಟದಂಗಡಿ

ಶಿವಮೊಗ್ಗ ನಗರದ ಗಾಂಧಿ ಬಜಾರು ಮಲೆನಾಡಿನ ಹಳೆಯ ಪೇಟೆಗಳಲ್ಲೊಂದು. ದಿನಸಿ, ಬಟ್ಟೆ, ಪಾತ್ರೆ, ಬಳೆ, ಬಂಗಾರ ಮೊದಲಾದ ಸಕಲ ವಸ್ತುಗಳಿಗೂ ಅಲ್ಲಿ ಅಂಗಡಿಗಳುಂಟು. ಅಲ್ಲಿಂದ ನೆಹರೂ ರಸ್ತೆ, ದುರ್ಗಿಗುಡಿಗಳ ಕಡೆಗೆ ನಡೆದರೆ ಗಾಜಿನ ಬಾಗಿಲುಗಳ ಹೊಸ ಮಳಿಗೆಗಳು ಎದುರಾಗುತ್ತವೆ. ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಭದ್ರಾ ನದಿಯ ದಂಡೆಯ ಮೇಲೆ, ಕಾರ್ಖಾನೆಗಳ ಊರಾಗಿ ಬೆಳೆದ ಭದ್ರಾವತಿಯಿದೆ. ಇಂಥ ಊರುಗಳ ಪೇಟೆಯಲ್ಲಿ ಮಕ್ಕಳ ಕಣ್ಣು ತಪ್ಪದೆ ಹುಡುಕುವ ಅಂಗಡಿಯೊಂದಿರುತ್ತದೆ. ಅದು ಆಟದ ಸಾಮಾನಿನ ಅಂಗಡಿ. ಅದರ ಬಾಗಿಲಿಗೆ ಬಲೆಯ ಚೀಲದಲ್ಲಿ ತುಂಬಿದ ಚೆಂಡುಗಳು ತೂಗಾಡುತ್ತಿರುತ್ತವೆ. ಒಳಗೆ ಗೋಡೆಗೆ ಒರಗಿಸಿದ ಕೇರಮ್ ಹಲಗೆಗಳು, ಕಟ್ಟುಗಟ್ಟಲೆ ಬ್ಯಾಟುಗಳು, ಚದುರಂಗದ ಪೆಟ್ಟಿಗೆಗಳು, ಪುಟ್ಟ ಮಕ್ಕಳ ಗೊಂಬೆಗಳು. ಮೂಲೆಯಲ್ಲಿ ರಾಕೆಟ್ಟಿಗೆ ಗಟ್ ಹಾಕುವ ಯಂತ್ರ. ಅಂಗಡಿಯ ಅಗಲ ಹತ್ತು ಅಡಿಯನ್ನು ಮೀರುವುದು ಅಪರೂಪ. ಅದರ ಒಡೆಯನೇ ಅದರ ಗುಮಾಸ್ತ, ಅವನೇ ಲೆಕ್ಕಿಗ. ಹಲವೊಮ್ಮೆ ಬೆಳಿಗ್ಗೆ ಕಸ ಗುಡಿಸುವವನೂ ಅವನೇ.

ಇಂತಹ ಅಂಗಡಿಗೆ ಈಗ ಬಲಶಾಲಿಗಳಾದ ಪ್ರತಿಸ್ಪರ್ಧಿಗಳಿದ್ದಾರೆ. ದೊಡ್ಡ ಬಂಡವಾಳದ ಮಾರಾಟ ಸಂಸ್ಥೆಗಳು ಒಂದೇ ಹೆಸರಿನಲ್ಲಿ ನೂರಾರು ಊರುಗಳಲ್ಲಿ ಮಳಿಗೆಗಳನ್ನು ತೆರೆದಿವೆ. ಅದಕ್ಕಿಂತಲೂ ಪ್ರಬಲವಾದುದು ಅಂಗಡಿಯೇ ಇಲ್ಲದ ವ್ಯಾಪಾರ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭಗೊಂಡ ಫ್ಲಿಪ್‌ಕಾರ್ಟ್ ಕಾಲಕ್ರಮದಲ್ಲಿ ಸಕಲ ಸರಕುಗಳನ್ನೂ ಮಾರತೊಡಗಿತು. ಅಮೆರಿಕದ ಅಮೆಜಾನ್ 2013ರಲ್ಲಿ ಭಾರತದಲ್ಲಿ ತನ್ನ ಮಾರಾಟವನ್ನು ಆರಂಭಿಸಿತು. 2018ರಲ್ಲಿ ಅಮೆರಿಕದ ಮತ್ತೊಂದು ದೈತ್ಯ ಸಂಸ್ಥೆಯಾದ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟಿನ ಬಹುಪಾಲು ಷೇರುಗಳನ್ನು ಕೊಂಡಿತು. ಇಂದು ಹೊಳೆಹೊನ್ನೂರಿನ ಹುಡುಗನೊಬ್ಬನು ತಂದೆಯ ಮೊಬೈಲಿನಲ್ಲಿ ಬೆರಳಾಡಿಸಿ ಬ್ಯಾಟನ್ನು ಆರಿಸಬಲ್ಲನು; ಕೆಲವೇ ದಿನಗಳಲ್ಲಿ ಅದು ಅವನ ಮನೆಯ ಬಾಗಿಲಿಗೆ ಬರುತ್ತದೆ. ಅದರ ಬೆಲೆಯೂ ಪೇಟೆಯ ಬೆಲೆಗಿಂತ ಕಡಿಮೆಯಾಗಿರುತ್ತದೆ. ಹೀಗಿರುವಾಗ ಹತ್ತು ಅಡಿ ಅಗಲದ ಅಂಗಡಿಯು ಬದುಕುವ ಬಗೆ ಯಾವುದು?

ಮೊದಲು ಬೆಲೆಯ ಲೆಕ್ಕವನ್ನು ನೋಡುವುದು ಒಳ್ಳೆಯದು. ಲೆಕ್ಕ ತಿಳಿಯದೆ ಕೋಪಗೊಂಡರೆ ಕೋಪವು ತಪ್ಪು ದಿಕ್ಕಿಗೆ ಹೋಗುತ್ತದೆ. ತಿಳಿವಳಿಕೆಗಾಗಿ ಒಂದು ಕೇರಮ್ ಹಲಗೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಚಿಕ್ಕ ಅಂಗಡಿಯವನು ಅದನ್ನು ಬೆಂಗಳೂರಿನ ಸಗಟು ವ್ಯಾಪಾರಿಯಿಂದ 1500 ರೂಪಾಯಿಗೆ ತರುತ್ತಾನೆಂದು ಭಾವಿಸೋಣ. ಲಾರಿಯ ಬಾಡಿಗೆ 60 ರೂಪಾಯಿ. ಅಂಗಡಿ ಬಾಡಿಗೆ, ವಿದ್ಯುತ್ತು, ತೆರಿಗೆ ಮೊದಲಾದ ವೆಚ್ಚಗಳ ಪಾಲು 200 ರೂಪಾಯಿ. ಅಲ್ಲಿಗೆ 1760 ಆಯಿತು. ಅವನು 1850ಕ್ಕೆ ಮಾರಿದರೆ ಕೈಗೆ ಹತ್ತುವುದು 90 ರೂಪಾಯಿ. ದೊಡ್ಡ ಸಂಸ್ಥೆಯಾದರೋ ಸಾವಿರಗಟ್ಟಲೆ ಹಲಗೆಗಳನ್ನು ಕಾರ್ಖಾನೆಯಿಂದ ನೇರವಾಗಿ 1200ರಂತೆ ಕೊಳ್ಳುತ್ತದೆ. ಅದರ ವೆಚ್ಚವೆಲ್ಲ ಸೇರಿ ಹಲಗೆಗೆ 150 ಎಂದಿಟ್ಟುಕೊಂಡರೆ, 1450ಕ್ಕೆ ಮಾರಿದರೂ ಅದಕ್ಕೆ 100 ರೂಪಾಯಿ ಲಾಭವಿದೆ. ಎಂದರೆ ದೊಡ್ಡವನು ಮಾರುವ ಬೆಲೆಯೇ ಚಿಕ್ಕವನು ಕೊಳ್ಳುವ ಬೆಲೆಗಿಂತ ಕಡಿಮೆ! ಅಂಗಡಿಯವನು ಒಂದು ಕಾಸೂ ಲಾಭವಿಲ್ಲದೆ ಮಾರಿದರೂ ಆ ಬೆಲೆಗೆ ಮಾರಲಾರನು. ಗಿರಾಕಿಗಳು ಅವನನ್ನು ಲೋಭಿಯೆಂದು ಜರೆಯುವುದುಂಟು. ಈ ಲೆಕ್ಕವನ್ನು ಬಲ್ಲವರು ಹಾಗೆ ಜರೆಯಲಾರರು. ಅದೇ ರೀತಿ, ನಾನೂರು ರೂಪಾಯಿ ಉಳಿಯುವುದೆಂದು ಬೇರೆಡೆ ಕೊಳ್ಳುವ ಬಡ ತಂದೆಯನ್ನೂ ಜರೆಯುವಂತಿಲ್ಲ. ಆ ನಾನೂರು ರೂಪಾಯಿಯಲ್ಲಿ ಮಗಳ ನೋಟುಪುಸ್ತಕಗಳು ಬರುತ್ತವೆ.

ದೊಡ್ಡವರ ಅಗ್ಗದ ಬೆಲೆಯೆಲ್ಲವೂ ಹೀಗೆ ನ್ಯಾಯವಾದ ಉಳಿತಾಯದಿಂದಲೇ ಬರುತ್ತದೆಂದು ಹೇಳುವಂತಿಲ್ಲ. ಚಿಕ್ಕವರು ಕದ ಮುಚ್ಚುವವರೆಗೆ ನಷ್ಟಕ್ಕೆ ಮಾರಿ, ಬಳಿಕ ಬೆಲೆ ಏರಿಸುವ ತಂತ್ರವೂ ವ್ಯಾಪಾರದ ಚರಿತ್ರೆಯಲ್ಲಿ ಹಳೆಯದು. ಭಾರತದ 2002ರ ಸ್ಪರ್ಧಾ ಕಾಯಿದೆಯು, ಮಾರುಕಟ್ಟೆಯಲ್ಲಿ ಪ್ರಾಬಲ್ಯವುಳ್ಳ ಸಂಸ್ಥೆಯು ಪ್ರತಿಸ್ಪರ್ಧಿಗಳನ್ನು ನಿರ್ಮೂಲ ಮಾಡಲೆಂದು ಉತ್ಪಾದನಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುವುದನ್ನು ನಿಷೇಧಿಸಿದೆ. ದೆಹಲಿಯ ವರ್ತಕರ ಸಂಘವೊಂದರ ದೂರಿನ ಮೇರೆಗೆ 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ಮಾರಾಟ ಕ್ರಮವನ್ನು ಕುರಿತು ತನಿಖೆಗೆ ಆದೇಶಿಸಿತು. ಕಾನೂನಿನ ರಕ್ಷಣೆ ಅವಶ್ಯಕವೇ ಸರಿ. ಆದರೆ ನ್ಯಾಯಾಲಯದ ಮೆಟ್ಟಿಲುಗಳು ಹಲವು, ಅಂಗಡಿಯ ಬಾಡಿಗೆ ತಿಂಗಳಿಗೊಮ್ಮೆ ಬರತಕ್ಕದ್ದು. ತೀರ್ಪನ್ನೇ ನಂಬಿ ಕುಳಿತ ವರ್ತಕನು ತೀರ್ಪು ಬರುವ ಹೊತ್ತಿಗೆ ಅಂಗಡಿಯಲ್ಲಿರುವನೋ ಇಲ್ಲವೋ!

ದೊಡ್ಡದೆಂಬ ಮಾತ್ರಕ್ಕೆ ಯಾವ ವ್ಯಾಪಾರವೂ ಚಿರಸ್ಥಾಯಿಯಲ್ಲ ಎಂಬುದಕ್ಕೆ ಆಟಿಕೆಗಳ ಲೋಕದಲ್ಲಿಯೇ ನಿದರ್ಶನವಿದೆ. ಅಮೆರಿಕದ ಚಾರ್ಲ್ಸ್ ಲಾಜರಸ್ ಎಂಬಾತನು 1948ರಲ್ಲಿ ಮಕ್ಕಳ ಪೀಠೋಪಕರಣಗಳ ಅಂಗಡಿಯನ್ನು ತೆರೆದನು. ಅದು ಮುಂದೆ ಟಾಯ್ಸ್ ಆರ್ ಅಸ್ ಎಂಬ ಹೆಸರಿನಿಂದ ಬೃಹತ್ ಆಟಿಕೆ ಮಳಿಗೆಗಳ ಸರಣಿಯಾಗಿ ಬೆಳೆಯಿತು. ಕಣ್ಣು ಹಾಯುವವರೆಗೆ ಆಟಿಕೆಗಳನ್ನು ಪೇರಿಸಿ ಅಗ್ಗದ ಬೆಲೆಗೆ ಮಾರಿದ ಆ ಸಂಸ್ಥೆಯ ಎದುರು ನಿಲ್ಲಲಾರದೆ ಅಲ್ಲಿನ ಅನೇಕ ಚಿಕ್ಕ ಅಂಗಡಿಗಳು ಮುಚ್ಚಿಹೋದವು. ಆದರೆ 2005ರಲ್ಲಿ ಅದರ ಒಡೆತನ ಕೈಬದಲಾದಾಗ ಅದರ ತಲೆಯ ಮೇಲೆ ಭಾರಿ ಸಾಲ ಬಿತ್ತು. ತನಗಿಂತಲೂ ಅಗ್ಗವಾಗಿ ಮಾರುವ ವಾಲ್‌ಮಾರ್ಟ್, ಅಮೆಜಾನ್‌ಗಳು ಎದುರಾದವು. 2017ರಲ್ಲಿ ಅದು ದಿವಾಳಿಯ ಅರ್ಜಿ ಹಾಕಿತು. ಮರುವರ್ಷ ಅಮೆರಿಕದ ಅದರ 700ಕ್ಕೂ ಹೆಚ್ಚು ಮಳಿಗೆಗಳ ಬಾಗಿಲು ಮುಚ್ಚಿತು. ಅಗ್ಗದ ಬೆಲೆಯೊಂದನ್ನೇ ಬಲವೆಂದು ನಂಬಿದ ಅಂಗಡಿಗೆ ತನಗಿಂತ ಅಗ್ಗವಾಗಿ ಮಾರುವವನು ಬಂದಾಗ ಹೇಳಿಕೊಳ್ಳಲು ಬೇರೇನೂ ಉಳಿದಿರಲಿಲ್ಲ. ಇದಕ್ಕೆ ವಿರುದ್ಧವಾದ ಕಥೆಯೂ ಒಂದುಂಟು. ವಿಲಿಯಂ ಹ್ಯಾಮ್ಲಿ ಎಂಬಾತನು 1760ರಲ್ಲಿ ಲಂಡನ್ನಿನ ಬೀದಿಯಲ್ಲಿ ತೆರೆದ ಚಿಕ್ಕ ಆಟಿಕೆ ಅಂಗಡಿಯೇ ಇಂದಿನ ಹ್ಯಾಮ್ಲೀಸ್. 2019ರಲ್ಲಿ ಅದನ್ನು ಭಾರತದ ರಿಲಯನ್ಸ್ ಸಂಸ್ಥೆಯು ಕೊಂಡಿತು.

ಹಾಗಾದರೆ ಕೇರಮ್ ಹಲಗೆಯ ನಾನೂರು ರೂಪಾಯಿಗಳ ಅಂತರವನ್ನು ಕಿರಿದುಗೊಳಿಸುವುದು ಹೇಗೆ? ಇದಕ್ಕೆ ಉತ್ತರವು ಶಿವಮೊಗ್ಗದಲ್ಲಿಯೇ ಇದೆ. ಅದು ಅಡಿಕೆಯ ವ್ಯಾಪಾರದಲ್ಲಿದೆ. ನಾಲ್ಕು ಮೂಟೆ ಅಡಿಕೆಯ ಸಣ್ಣ ಬೆಳೆಗಾರನು ಒಬ್ಬಂಟಿಯಾಗಿ ಮಂಡಿಗೆ ಬಂದರೆ ಬೆಲೆಯನ್ನು ನಿರ್ಧರಿಸುವವನು ಎದುರಿಗಿರುವ ದೊಡ್ಡ ವರ್ತಕನೇ. ಈ ಸ್ಥಿತಿಯನ್ನು ಎದುರಿಸಲು 1939ರಲ್ಲಿ ಬೆಳೆಗಾರರು ಒಂದುಗೂಡಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವನ್ನು ಕಟ್ಟಿದರು. ಜನರು ಮ್ಯಾಮ್ಕೋಸ್ ಎಂದು ಕರೆಯುವ ಸಂಸ್ಥೆ ಅದೇ. ಅದಕ್ಕೂ ಮೊದಲೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿಕೊಂಡಿತ್ತು. ಮಾರುವವರು ಒಂದುಗೂಡಬಹುದಾದರೆ ಕೊಳ್ಳುವವರೂ ಒಂದುಗೂಡಬಹುದು. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳ ಹತ್ತು ಆಟದಂಗಡಿಗಳು ಸೇರಿ ನೂರು ಹಲಗೆಗಳನ್ನು ಒಂದೇ ಲಾರಿಯಲ್ಲಿ ತರಿಸಿದವೆನ್ನೋಣ. ಸಗಟು ವ್ಯಾಪಾರಿಯು 1500ರ ಹಲಗೆಯನ್ನು 1350ಕ್ಕೆ ಇಳಿಸಬಹುದು. ಸಾಗಾಣಿಕೆ 60ರಿಂದ 40ಕ್ಕೆ ಇಳಿಯಬಹುದು. ಆಗ 90 ರೂಪಾಯಿಯ ಅದೇ ಲಾಭವನ್ನು ಇಟ್ಟುಕೊಂಡು 1680ಕ್ಕೆ ಮಾರಬಹುದು. ಅಂತರವು 400ರಿಂದ 230ಕ್ಕೆ ಬಂದಿತು.

ಸಹಕಾರವೆಂಬುದು ಹೇಳಿದಷ್ಟು ಸುಲಭವಲ್ಲ. ಎದುರುಬದುರಿನ ಅಂಗಡಿಯವರು ಒಬ್ಬರ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸಲು ಹಿಂಜರಿಯುತ್ತಾರೆ. ನೆರೆಯ ಕೊಪ್ಪದಲ್ಲಿ 1991ರಲ್ಲಿ ಸಾರಿಗೆ ನೌಕರರೇ ಕಟ್ಟಿದ ಸಹಕಾರ ಸಾರಿಗೆಯು ಮಲೆನಾಡಿನ ದಾರಿಗಳಲ್ಲಿ ಸುಮಾರು ಮೂರು ದಶಕಗಳ ಕಾಲ ಬಸ್ಸುಗಳನ್ನು ಓಡಿಸಿ ನಾಡಿನ ಮೆಚ್ಚುಗೆ ಪಡೆದಿತ್ತು; ಆದರೂ 2020ರಲ್ಲಿ ಆರ್ಥಿಕ ಸಂಕಷ್ಟದಿಂದ ನಿಂತುಹೋಯಿತು. ಒಗ್ಗಟ್ಟಿನ ಜೊತೆಗೆ ಬಿಗಿಯಾದ ಲೆಕ್ಕವೂ ಬೇಕು, ಕಾಲಕಾಲಕ್ಕೆ ಬಂಡವಾಳವೂ ಬೇಕು.

ಇನ್ನುಳಿದ 230 ರೂಪಾಯಿಗಳ ವಿಚಾರವೇ ಮುಖ್ಯವಾದುದು. ಅಷ್ಟು ಹಣವನ್ನು ಗಿರಾಕಿಯು ಸಂತೋಷದಿಂದ ಹೆಚ್ಚಾಗಿ ಕೊಡಬೇಕಾದರೆ, ಅಷ್ಟು ಬೆಲೆಯ ಬೇರೇನನ್ನಾದರೂ ಅಂಗಡಿಯವನು ಕೊಡಬೇಕು. ಕರುಣೆಯಿಂದ ಬಂದ ಗಿರಾಕಿ ಒಮ್ಮೆ ಬಂದಾನು, ಎರಡನೆಯ ಬಾರಿ ಬರಲಾರನು.

ಅಂಗಡಿಯವನು ಕೊಡಬಹುದಾದ ಮೊದಲನೆಯ ವಸ್ತು ತಿಳಿವಳಿಕೆ. ಕ್ರಿಕೆಟ್ ಬ್ಯಾಟಿನ ಮಾತನ್ನೇ ತೆಗೆದುಕೊಳ್ಳಬಹುದು. ಭದ್ರಾವತಿಯ ಹೆಸರನ್ನು ಕ್ರಿಕೆಟ್ ಲೋಕಕ್ಕೆ ತಿಳಿಸಿದವರು ಗುಂಡಪ್ಪ ವಿಶ್ವನಾಥ್. 1949ರ ಫೆಬ್ರವರಿ 12ರಂದು ಅಲ್ಲಿ ಜನಿಸಿದ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿಯೇ, ಮೊದಲ ಸರದಿಯ ಸೊನ್ನೆಯ ಬಳಿಕ ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದರು. ಕುಳ್ಳಾದ ಮೈಕಟ್ಟಿನ ಅವರು ಮಣಿಕಟ್ಟಿನ ಚಳಕದಿಂದ ಹೊಡೆಯುತ್ತಿದ್ದ ಸ್ಕ್ವೇರ್ ಕಟ್ ಹೊಡೆತವನ್ನು ನೋಡಿದವರು ಮರೆತಿಲ್ಲ. ಮಣಿಕಟ್ಟು ಹೀಗೆ ಆಡಬೇಕಾದರೆ ಬ್ಯಾಟು ಆಟಗಾರನ ಮೈಗೆ ಒಪ್ಪಬೇಕು. ಮಕ್ಕಳ ಬ್ಯಾಟುಗಳಲ್ಲಿ ಒಂದರಿಂದ ಆರರವರೆಗೆ ಅಳತೆಗಳಿವೆ. ಆ ಬಳಿಕ ಹ್ಯಾರೋ ಎಂಬ ಅಳತೆ, ಅನಂತರ ಪೂರ್ಣ ಅಳತೆ. ನಮ್ಮ ತಂದೆತಾಯಿಗಳಾದರೋ ಶಾಲೆಯ ಸಮವಸ್ತ್ರವನ್ನು ಹೊಲಿಸುವಂತೆಯೇ ಬ್ಯಾಟನ್ನೂ ಕೊಳ್ಳುತ್ತಾರೆ. ಹೇಗೂ ಬೆಳೆಯುವ ಹುಡುಗ, ಒಂದು ಅಳತೆ ದೊಡ್ಡದೇ ಇರಲಿ ಎಂಬುದು ಅವರ ನ್ಯಾಯ! ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಬ್ಯಾಟು ದೊಡ್ಡದಾದರೆ ಮಗುವಿನ ಹೊಡೆತವೇ ಕೆಡುತ್ತದೆ. ಭಾರವನ್ನು ಎತ್ತಲಾರದೆ ಅದು ಚೆಂಡಿಗೆ ತಡವಾಗಿ ಬ್ಯಾಟು ಬೀಸುವ ಅಭ್ಯಾಸಕ್ಕೆ ಬೀಳುತ್ತದೆ.

ಇದನ್ನು ಬಲ್ಲ ಅಂಗಡಿಯವನು ಹುಡುಗನನ್ನು ಎದುರು ನಿಲ್ಲಿಸಿ, ಬ್ಯಾಟು ಹಿಡಿಸಿ, ಬಲಗೈ ತೆಗೆಸಿ ಎಡಗೈಯೊಂದರಿಂದಲೇ ಎತ್ತಿಸಿ ನೋಡುತ್ತಾನೆ. ಟೆನಿಸ್ ಚೆಂಡಿನಿಂದ ಆಡುವುದೋ ಚರ್ಮದ ಚೆಂಡಿನಿಂದಲೋ ಎಂದು ವಿಚಾರಿಸುತ್ತಾನೆ. ಕಾಶ್ಮೀರದ ವಿಲ್ಲೋ ಮರದ ಬ್ಯಾಟು ಅಗ್ಗ ಮತ್ತು ತುಸು ಭಾರ, ಇಂಗ್ಲಿಷ್ ವಿಲ್ಲೋ ಹಗುರ ಮತ್ತು ದುಬಾರಿ. ಬೀದಿಯ ಆಟಕ್ಕೆ ದುಬಾರಿಯದು ವ್ಯರ್ಥವೆಂದು ಹೇಳುವ ಪ್ರಾಮಾಣಿಕತೆ ಅವನಲ್ಲಿದ್ದರೆ, ಆ ದಿನ ಅವನ ಲಾಭ ಕಡಿಮೆಯಾದರೂ ಆ ಮನೆಯವರು ಮುಂದೆ ಬೇರೆ ಅಂಗಡಿಯನ್ನು ಹುಡುಕುವುದಿಲ್ಲ. ಚರ್ಮದ ಚೆಂಡಿಗಾಗಿ ಹೊಸ ಬ್ಯಾಟನ್ನು ಕೊಂಡರೆ ಅದಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಮೃದುವಾಗಿ ತಟ್ಟಿ ಹದಗೊಳಿಸಬೇಕು. ಹಾಗೆ ಮಾಡದಿದ್ದರೆ ಮೊದಲ ವಾರದಲ್ಲಿಯೇ ಅದು ಸೀಳಿಬಿಡಬಹುದು. ಮನೆಯ ಬಾಗಿಲಿಗೆ ಬಂದ ಪೆಟ್ಟಿಗೆಯು ಇದನ್ನು ಹೇಳುವುದಿಲ್ಲ. ಹೇಳಿದರೂ ಅದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಮಲೆನಾಡಿನ ಹವೆಯ ತಿಳಿವಳಿಕೆಯೂ ಚಿಕ್ಕದಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಮೈದಾನಗಳು ಕೆಸರಾಗಿ, ಆಟಗಳು ಮನೆಯ ಒಳಕ್ಕೆ ಬರುತ್ತವೆ. ಕೇರಮ್ಮಿಗೂ ಚದುರಂಗಕ್ಕೂ ಆಗ ಬೇಡಿಕೆ. ಆದರೆ ಅದೇ ತೇವದಿಂದ ಹಲಗೆಯ ಪ್ಲೈವುಡ್ಡು ಉಬ್ಬಿ ನಡು ಏಳುತ್ತದೆ. ಪೌಡರು ಗಂಟುಕಟ್ಟಿ ಕಾಯಿಗಳು ಜಾರುವುದಿಲ್ಲ. ಒದ್ದೆಗೋಡೆಗೆ ಹಲಗೆಯನ್ನು ಒರಗಿಸಬಾರದು, ಮಳೆಗಾಲದಲ್ಲಿ ಬಟ್ಟೆ ಹೊದಿಸಿ ಅಟ್ಟದ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು ಎಂಬ ಮಾತನ್ನು ತುಂಗಾ ತೀರದ ಅಂಗಡಿಯವನು ಹೇಳಬಲ್ಲನು. ಮಾರುವ ಮುನ್ನ ಹಲಗೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ಸಮತಟ್ಟನ್ನು ತೋರಿಸಬಲ್ಲನು. ನಿಯಮದಂತೆ ಸ್ಟ್ರೈಕರಿನ ತೂಕ 15 ಗ್ರಾಮನ್ನು ಮೀರಬಾರದೆಂದು ತಕ್ಕಡಿಯಲ್ಲಿಟ್ಟು ತೂಗಿ ಕೊಡಬಲ್ಲನು. ಇನ್ನೂರ ಮೂವತ್ತು ರೂಪಾಯಿಯ ಬಹುಭಾಗ ಇಲ್ಲಿಯೇ ಸಂದಾಯವಾಯಿತು.

ಎರಡನೆಯದು ದುರಸ್ತಿ. ರಾಕೆಟ್ಟಿನ ಗಟ್ ಹರಿದರೆ ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿ ಬೆಂಗಳೂರಿಗೆ ಕಳುಹಿಸುವವರಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಗಟ್ಟನ್ನು ಸಡಿಲವಾಗಿ, ನುರಿತವರಿಗೆ ಬಿಗಿಯಾಗಿ, ಇಷ್ಟು ಪೌಂಡು ಎಂದು ಲೆಕ್ಕ ಹಿಡಿದು ಎಳೆದು ಕಟ್ಟಬೇಕು. ಬ್ಯಾಟಿನ ಹಿಡಿಗೆ ದಾರ ಸುತ್ತುವುದು, ರಬ್ಬರಿನ ಹಿಡಿಕೆಯನ್ನು ಬದಲಾಯಿಸುವುದು, ಕಳೆದುಹೋದ ಒಂದೇ ಒಂದು ಕುದುರೆಯ ಬದಲಿಗೆ ಚದುರಂಗದ ಬಿಡಿ ಕಾಯಿ ಕೊಡುವುದು ಇವೆಲ್ಲ ನೋಡಲು ಸಣ್ಣ ಕೆಲಸಗಳು. ಆದರೆ ಒಂದು ಹಲಗೆ ಮಾರಿದರೆ ಬರುವ ಲಾಭಕ್ಕೆ ಸಮನಾದ ಹಣವು ಇಂತಹ ಒಂದೆರಡು ಕೆಲಸಗಳಿಂದ ಬರಬಹುದು. ಅದರ ಬೆಲೆಯನ್ನು ಯಾವ ದೊಡ್ಡ ಸಂಸ್ಥೆಯೂ ಇಳಿಸಲಾರದು.

ಮೂರನೆಯದು ಆಡುವ ಜಾಗ. ಅಮೆರಿಕ ಮತ್ತು ಯೂರೋಪುಗಳಲ್ಲಿ ಮೇಜಿನ ಮೇಲಿನ ಆಟಗಳನ್ನು ಮಾರುವ ಸಣ್ಣ ಅಂಗಡಿಗಳು ಉಳಿದುಕೊಂಡಿರುವುದಕ್ಕೆ ಇದೊಂದು ಮುಖ್ಯ ಕಾರಣ. 1993ರಲ್ಲಿ ಮ್ಯಾಜಿಕ್ ಎಂಬ ಎಲೆಯಾಟವು ಹೊರಬಂದಾಗ ಅದನ್ನು ಆಡಲು ಎದುರಾಳಿ ಬೇಕಾಯಿತು. ಅಂಗಡಿಯವರು ಹಿಂಬದಿಯಲ್ಲಿ ಮೇಜು ಕುರ್ಚಿಗಳನ್ನು ಹಾಕಿ ವಾರಕ್ಕೊಂದು ಸಂಜೆ ಪಂದ್ಯ ನಡೆಸತೊಡಗಿದರು. ಆಡಲು ಬಂದವರು ಎಲೆಗಳನ್ನೂ ಕೊಂಡರು. ಶಿವಮೊಗ್ಗದ ಅಂಗಡಿಯಲ್ಲಿ ಅಷ್ಟು ಜಾಗವಿರಲಾರದು. ಆದರೆ ಹತ್ತಿರದ ಶಾಲೆಯ ಪಡಸಾಲೆಯಲ್ಲೋ ಸಮುದಾಯ ಭವನದಲ್ಲೋ ಭಾನುವಾರ ನಾಲ್ಕು ಹಲಗೆಗಳನ್ನು ಹಾಕಿ ಕೇರಮ್ ಪಂದ್ಯ ನಡೆಸಲು ದೊಡ್ಡ ಬಂಡವಾಳ ಬೇಡ. ಯಾವ ಹುಡುಗಿ ಚದುರಂಗದಲ್ಲಿ ಚುರುಕು, ಅವಳಿಗೆ ತಕ್ಕ ಎದುರಾಳಿ ಯಾವ ಬಡಾವಣೆಯಲ್ಲಿದ್ದಾನೆ ಎಂಬುದು ಬೆಂಗಳೂರಿನ ಗೋದಾಮಿಗೆ ತಿಳಿಯದು, ಬಜಾರಿನ ಅಂಗಡಿಗೆ ತಿಳಿಯುತ್ತದೆ.

ಇದರೊಡನೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಪೇಟೆಯಲ್ಲಿ ಮಾರಾಟವಾಗುವ ಪೆಟ್ಟಿಗೆಯ ಆಟಗಳ ನಿಯಮಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಅದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟರೆ ಎಷ್ಟೋ ಮನೆಗಳಲ್ಲಿ ಆಟವು ಕಪಾಟಿನಿಂದ ಹೊರಬಂದೀತು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಸಂಗಾತಿಯಾಗಿದ್ದ ಚೆನ್ನೆಮಣೆಯನ್ನು, ಎರಡು ಸಾಲಿನಲ್ಲಿ ಸಾಲಿಗೆ ಏಳರಂತೆ ಗುಳಿಗಳಿರುವ ಆ ಮರದ ಮಣೆಯನ್ನು, ಇಂದಿನ ಮಕ್ಕಳಲ್ಲಿ ಅನೇಕರು ಕಂಡಿಲ್ಲ. ಚೌಕಾಬಾರ, ಪಗಡೆ, ಹುಲಿ-ಕುರಿ ಆಟಗಳೂ ಹಾಗೆಯೇ. 1868ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದು ಹೊಸ ಆಟಗಳನ್ನೇ ರಚಿಸಿದ್ದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಇಂತಹ ಆಟಗಳಿಗೆ ಮತ್ತೆ ಬೆಳಕು ತಂದಿದೆ. ಸಾಗರ, ಸೊರಬಗಳ ಗುಡಿಗಾರರು ಮರಗೆತ್ತನೆಗೆ ಹೆಸರಾದವರು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು ನಾಡಿನಾಚೆಗೂ ಪ್ರಸಿದ್ಧ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ಅಪಾಯಕರ ಬಣ್ಣಗಳ ಅಗ್ಗದ ಸರಕನ್ನು ತಡೆಯಲು ಅದು ಬೇಕಾಗಿದ್ದ ಕ್ರಮವೇ; ಆದರೆ ಹಳೆಯ ದಾಸ್ತಾನಿದ್ದ ಚಿಕ್ಕ ಅಂಗಡಿಗೆ ಅದು ಹೊರೆಯೂ ಆಯಿತು. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವುಗಳಿಗೂ ವಿನಾಯಿತಿ ದೊರೆತಿರುವುದರಿಂದ, ಊರ ಕುಶಲಕರ್ಮಿಯ ಕೈಕೆಲಸವನ್ನು ಮಾರಲು ಬಯಸುವ ಅಂಗಡಿಗೆ ದಾರಿ ತೆರೆದೇ ಇದೆ.

ಭದ್ರಾವತಿಯ ಸ್ಥಿತಿ ಶಿವಮೊಗ್ಗದಂತಲ್ಲ. ಅಲ್ಲಿ 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆಯು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ಬೆಳೆಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂಟೌನು, ಪೇಪರ್ ಟೌನುಗಳು ಹುಟ್ಟಿದ್ದೇ ಅವುಗಳಿಂದ. ಸಂಬಳದ ದಿನ ಪೇಟೆಗೆ ಹಬ್ಬ. ಬೋನಸ್ಸಿನ ದಿನ ಆಟದಂಗಡಿಗೂ ಹಬ್ಬ. ಕಾಗದ ಕಾರ್ಖಾನೆಯು 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ, ಕಾರ್ಮಿಕರು ಬೀದಿಗಿಳಿದು ಹೋರಾಡಿದ ಬಳಿಕ ಅದೇ ವರ್ಷ ಕೆಲವು ಕೆಲಸಗಳು ಮತ್ತೆ ಆರಂಭಗೊಂಡವು. ಗಿರಾಕಿಯ ಕೈಯಲ್ಲಿ ಹಣವೇ ಇಲ್ಲದಿದ್ದರೆ ಚಿಕ್ಕ ಅಂಗಡಿ, ದೊಡ್ಡ ಅಂಗಡಿ ಎಂಬ ಭೇದವೇ ಉಳಿಯುವುದಿಲ್ಲ. ಇಂತಹ ಊರಿನಲ್ಲಿ ಚಿಕ್ಕ ಅಂಗಡಿಯ ಒಂದು ಆಸರೆಯೆಂದರೆ ಉದ್ರಿ. ಸುತ್ತಲಿನ ಹಳ್ಳಿಗಳಲ್ಲಿ ಅಡಿಕೆ ಕೊಯ್ಲು ಮುಗಿದು ಹಣ ಬರುವವರೆಗೆ, ಇಲ್ಲವೇ ಸಂಬಳ ಬರುವವರೆಗೆ, ಮುಖ ನೋಡಿ ಸಾಮಾನು ಕೊಡುವ ಪದ್ಧತಿ ಹಳೆಯದು. ದೊಡ್ಡ ಸಂಸ್ಥೆಗಳೂ ಕಂತಿನ ಸಾಲ ಕೊಡುತ್ತವೆ, ಆದರೆ ಅವು ಬ್ಯಾಂಕಿನ ಕಾಗದವನ್ನು ಕೇಳುತ್ತವೆ. ಉದ್ರಿಯಲ್ಲಿ ಮುಳುಗಿದ ಅಂಗಡಿಗಳೂ ಇಲ್ಲದಿಲ್ಲ. ಯಾರಿಗೆ ಎಷ್ಟು ಎಂದು ಅರಿತವನಿಗೆ ಮಾತ್ರ ಅದು ಬಲ. ಸಂಕೋಚದ ಮನುಷ್ಯನಿಗೆ ಅದೇ ಬಲೆ.

ಗಿರಾಕಿಯ ನಡತೆಯ ಬಗೆಗೂ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಕೆಲವರು ಅಂಗಡಿಗೆ ಬಂದು ಆರು ಬ್ಯಾಟುಗಳನ್ನು ತೆಗೆಸುತ್ತಾರೆ. ಮಗನಿಗೆ ಯಾವ ಅಳತೆ ಒಪ್ಪುವುದೆಂದು ಕೇಳಿ ತಿಳಿಯುತ್ತಾರೆ. ಅರ್ಧ ಗಂಟೆಯ ಬಳಿಕ, "ಅಣ್ಣಾ, ಇದೇ ಬ್ಯಾಟು ಮೊಬೈಲಿನಲ್ಲಿ ಇನ್ನೂ ಕಡಿಮೆಗೆ ಬರುತ್ತದಲ್ಲ" ಎಂದು ಹೇಳಿ ಹೊರಡುತ್ತಾರೆ. ಅಗ್ಗವಾದುದನ್ನು ಕೊಳ್ಳುವುದು ತಪ್ಪಲ್ಲವೆಂದು ಮೇಲೆಯೇ ಹೇಳಿದೆ. ಆದರೆ ಒಬ್ಬನ ತಿಳಿವಳಿಕೆಯನ್ನೂ ಸಮಯವನ್ನೂ ಬಳಸಿಕೊಂಡು ಹಣವನ್ನು ಇನ್ನೊಬ್ಬನಿಗೆ ಕೊಡುವುದು ಬೇರೆಯೇ ಸಂಗತಿ, ಅದು ನ್ಯಾಯವೆನಿಸದು. ಜಾಣನಾದ ವರ್ತಕನು ಇದಕ್ಕೆ ಮುನಿಯುವುದಿಲ್ಲ. ಮೊಬೈಲಿನ ಬೆಲೆಯನ್ನು ತಾನೇ ನೋಡಿ, ತನ್ನ ಬೆಲೆಗೂ ಅದಕ್ಕೂ ಇರುವ ಅಂತರವನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆ ಅಂತರಕ್ಕೆ ಎಣ್ಣೆ ಸವರಿ ಹದಗೊಳಿಸಿದ ಬ್ಯಾಟು, ವರ್ಷವೊಂದರ ಉಚಿತ ದುರಸ್ತಿ, ಒಡೆದರೆ ಎದುರಿಗೇ ಬಂದು ಕೇಳುವ ಅವಕಾಶ ಇವನ್ನು ಕೊಡುತ್ತೇನೆಂದು ತಿಳಿಸುತ್ತಾನೆ. ಹತ್ತು ಮಂದಿಯಲ್ಲಿ ಎಲ್ಲರೂ ಒಪ್ಪುವುದಿಲ್ಲ. ಎಲ್ಲರೂ ಒಪ್ಪಬೇಕೆಂದೂ ಇಲ್ಲ. ಒಂದು ಚಿಕ್ಕ ಅಂಗಡಿಯ ಹೊಟ್ಟೆ ತುಂಬಲು ಊರಿನ ಎಲ್ಲ ಗಿರಾಕಿಗಳು ಬೇಕಾಗಿಲ್ಲ.

ಕಠಿಣವಾದ ಪ್ರಶ್ನೆ ಅಂಗಡಿಯ ಒಳಗೇ ಇದೆ. ವರ್ತಕನ ಮಕ್ಕಳು ಓದಿ ಬೆಂಗಳೂರಿಗೆ ಹೋಗುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಬಾಳು ಅವರಿಗೆ ರುಚಿಸದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಗಟ್ ಹಾಕುವ ವಿದ್ಯೆಯನ್ನು, ಬ್ಯಾಟಿನ ಹದವನ್ನು, ಯಾವ ಮಗುವಿಗೆ ಯಾವ ಆಟ ಎಂಬ ಅನುಭವವನ್ನು ಯಾರಿಗಾದರೂ ಕಲಿಸಿಹೋಗದಿದ್ದರೆ, ದೊಡ್ಡ ಸಂಸ್ಥೆಗಳು ಬಾರದಿದ್ದರೂ ಅಂಗಡಿ ಉಳಿಯದು. ಮಗನೇ ಆಗಬೇಕೆಂದಿಲ್ಲ, ಮಗಳಾಗಬಹುದು, ರಜೆಯಲ್ಲಿ ಕೆಲಸಕ್ಕೆ ಬರುವ ನೆರೆಮನೆಯ ಹುಡುಗನಾಗಬಹುದು. ಕೆಲವು ಅಂಗಡಿಗಳು ಈಗ ಮೊಬೈಲಿನಲ್ಲಿ ಸಾಮಾನಿನ ಚಿತ್ರ ಕಳುಹಿಸಿ, ಊರೊಳಗೆ ಅದೇ ದಿನ ಮನೆಗೆ ತಲುಪಿಸತೊಡಗಿವೆ. ಈ ಕೆಲಸದಲ್ಲಿ ಎಳೆಯರೇ ಮುಂದು.

ಮಳೆ ನಿಂತು ಮೈದಾನಗಳು ಒಣಗುವ ನವೆಂಬರಿನಲ್ಲಿ, ಹಿಡಿ ಸಡಿಲಾದ ಬ್ಯಾಟುಗಳೂ ಗಟ್ ಹರಿದ ರಾಕೆಟ್ಟುಗಳೂ ಇಂತಹ ಅಂಗಡಿಗಳಿಗೆ ಒಂದೊಂದಾಗಿ ಬರುತ್ತವೆ. ಅವುಗಳಲ್ಲಿ ಅನೇಕವು ಈ ಅಂಗಡಿಯಲ್ಲಿ ಕೊಂಡವುಗಳಲ್ಲ. ಅವುಗಳ ಮೇಲಿನ ಚೀಟಿಯನ್ನು ನೋಡಿದೊಡನೆ ಅಂಗಡಿಯವನಿಗೆ ಅದು ತಿಳಿಯುತ್ತದೆ. ಎಲ್ಲಿ ಕೊಂಡದ್ದೆಂದು ಅವನು ಕೇಳುವುದಿಲ್ಲ. ರಾಕೆಟ್ಟನ್ನು ಬೆಳಕಿಗೆ ಹಿಡಿದು ಚೌಕಟ್ಟು ಬಿರುಕು ಬಿಟ್ಟಿದೆಯೇ ಎಂದು ನೋಡಿ, ಮಗುವಿನ ವಯಸ್ಸನ್ನು ವಿಚಾರಿಸಿ, ಕೂಲಿಯನ್ನು ಹೇಳಿ, ಗುರುವಾರ ಸಂಜೆ ಬರಲು ತಿಳಿಸುತ್ತಾನೆ.